ಪರದೆಯ ಮೇಲಿನ ಜೋಗ

ನಾಡು ಎಷ್ಟೇ ದೊಡ್ಡದಿರಲಿ, ನಮ್ಮ ಡೊಂಬಿವಲಿಯ ಕನ್ನಡ ಬಳಗದ ಮಟ್ಟಿಗೆ ಅದು ಒಂದು ಶಾಲೆಯ ಸಭಾಂಗಣದ ಹಿಂಗೋಡೆಯ ಅಳತೆಗೆ ಹೊಂದಬೇಕಿತ್ತು. ರಾಜ್ಯೋತ್ಸವದ ದಿನ ವೇದಿಕೆಯ ಹಿಂದೆ ಒಂದು ಪರದೆ ಕಟ್ಟುತ್ತಿದ್ದೆವು. ಅದರ ಮೇಲೆ ನಾಡಿನ ಮಹನೀಯರು, ನಡುವೆ ಒಂದು ನಿಸರ್ಗದೃಶ್ಯ. ರಾಜ್ಯೋತ್ಸವ ನವೆಂಬರ್ ಒಂದರಂದೇ ಆಗಬೇಕೆಂಬ ಹಟ ನಮಗಿರಲಿಲ್ಲ. ಹಾಲ್ ಬಾಡಿಗೆಗೆ ಸಿಕ್ಕ ಭಾನುವಾರವೇ ನಮ್ಮ ನವೆಂಬರ್ ಒಂದು. ಒಂದು ವರ್ಷ ಅದು ಸಂಕ್ರಾಂತಿ ದಾಟಿ ಬಂದು, ಎಳ್ಳುಬೆಲ್ಲವನ್ನೂ ಅಲ್ಲೇ ಹಂಚಿ ಮುಗಿಸಿದ್ದೆವು.

ಸಮಯಪಾಲನೆ ನನ್ನ ಜವಾಬ್ದಾರಿ. ಠಾಣೆಯ ಒಂದು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ಗಡಿಯಾರ ನೋಡಿ ಗುಳಿಗೆ, ಗಡಿಯಾರ ನೋಡಿ ಗಂಜಿ, ಗಡಿಯಾರ ನೋಡಿ ರೋಗಿಗಳ ನೆಂಟರನ್ನು ಹೊರಗೆ ಕಳಿಸುವುದು, ಇದರಲ್ಲೇ ತಲೆ ಬೆಳ್ಳಗಾಗಿತ್ತು. ಭಾಷಣಕಾರರಿಗೂ ಅದೇ ಚಿಕಿತ್ಸೆ ಕೊಡುತ್ತಿದ್ದೆ. ಮುಂದೆ ಒಂದು ಹಿತ್ತಾಳೆಯ ಗಂಟೆ ಇಟ್ಟುಕೊಂಡು ಕೂರುವುದು. ಮೊದಲ ಸಲ ಬಾರಿಸಿದರೆ ಎಚ್ಚರಿಕೆ, ಎರಡನೆಯ ಸಲಕ್ಕೆ ಮೈಕು ಬಂದ್. ಧಾರವಾಡದ ಕಡೆಯವಳ ಮಾತು ಗಡುಸು ಎಂದು ಕರಾವಳಿಯವರು ಹೇಳುತ್ತಿದ್ದರು. ಕರಾವಳಿಯವರ ಮಾತಿಗೆ ಮುಗಿತಾಯವೇ ಇಲ್ಲ ಎಂದು ನಾನು ಹೇಳುತ್ತಿದ್ದೆ. ಆದರೂ ಎಲ್ಲರೂ ಸಿಸ್ಟರ್, ಸಿಸ್ಟರ್ ಎಂದು ಪ್ರೀತಿಯಿಂದಲೇ ಕರೆಯುತ್ತಿದ್ದರು. ಗಂಟೆ ನನ್ನ ಕೈಯಲ್ಲಿತ್ತಲ್ಲ.

ಬಳಗದ ಕಾರ್ಯದರ್ಶಿಗಳು ಕುಂದಾಪುರದ ಕಡೆಯವರು. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಸ್ವಲ್ಪ ಒಳಗೆ, ಅವರದೊಂದು ಇಡ್ಲಿ ದೋಸೆಯ ಹೋಟೆಲು. ಭಾನುವಾರ ಬೆಳಗ್ಗೆ ಹೋಟೆಲಿನ ಮಾಳಿಗೆಯಲ್ಲಿ ಮಕ್ಕಳಿಗೆ ಅವರೇ ಕನ್ನಡ ಹೇಳಿಕೊಡುತ್ತಿದ್ದರು. ನಮ್ಮ ಮಕ್ಕಳಿಗೆ ಕನ್ನಡ ಕಿವಿಯಲ್ಲಿ ಇದೆ, ಬಾಯಲ್ಲಿ ಇಲ್ಲ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ, ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಉತ್ತರ. ಅಂಥವರನ್ನು ಕಾರ್ಯದರ್ಶಿಗಳು ಹಿಡಿದು ಕೂರಿಸಿದ್ದು ಕಾಗುಣಿತದಿಂದಲ್ಲ, ಜೋಗದಿಂದ.

ಅವರು ಜೋಗವನ್ನು ವರ್ಣಿಸುವುದನ್ನು ನೋಡಬೇಕಿತ್ತು. ಕೆಳಗಿನಿಂದ ಕಾಫಿ ತರಿಸಿ, ಬೆಂಚಿನ ಮೇಲೆ ನಿಂತು, ಲೋಟದಿಂದ ಲೋಟಕ್ಕೆ ಮೇಲಿಂದ ಸುರಿಯುತ್ತಿದ್ದರು. ನೆಟ್ಟಗೆ ಸುರಿದರೆ ಅದು ರಾಜಾ, ಬಳುಕಿಸಿ ಸುರಿದರೆ ರಾಣಿ, ಸದ್ದು ಮಾಡಿಸಿದರೆ ರೋರರ್, ಚಿಮ್ಮಿಸಿದರೆ ರಾಕೆಟ್. ಚಿಕ್ಕಂದಿನಲ್ಲಿ ತಾವು ಜಲಪಾತದ ಬುಡಕ್ಕೇ ಇಳಿದು ಸ್ನಾನ ಮಾಡಿದ್ದನ್ನೂ, ನೀರಿನ ರಭಸಕ್ಕೆ ಹೆಗಲ ಮೇಲಿನ ಟವೆಲು ಹೊರಟೇಹೋದದ್ದನ್ನೂ ಹೇಳುತ್ತಿದ್ದರು. ಆ ಟವೆಲಿನ ಬಣ್ಣ ಒಂದೊಂದು ಭಾನುವಾರ ಒಂದೊಂದು ಆಗಿರುತ್ತಿತ್ತು. ನಾನು ಗಮನಿಸಿದ್ದೆ, ಆದರೆ ಟವೆಲುಗಳ ಉಸಾಬರಿ ಆಸ್ಪತ್ರೆಯಲ್ಲೇ ಸಾಕಷ್ಟಾಗಿತ್ತು. ಮಕ್ಕಳಂತೂ ಬಾಯಿ ತೆರೆದು ಕೇಳುತ್ತಿದ್ದರು. ಕೇಳಿ ಕೇಳಿ ತಾವೂ ಹೇಳತೊಡಗಿದ್ದರು, ಅದೂ ಕನ್ನಡದಲ್ಲಿ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಹಳೆಯ ಪರದೆಯನ್ನು ಇಲಿಗಳು ಕಡಿದಿದ್ದವು. ಹೊಸದು ಬರೆಸಬೇಕಾಯಿತು. ಹೋಟೆಲಿನ ಮಾಳಿಗೆಯಲ್ಲೇ ಸಭೆ ಸೇರಿದೆವು. ಯಾರ್ಯಾರನ್ನು ಬರೆಸುವುದು ಎಂಬ ಒಂದೇ ವಿಷಯಕ್ಕೆ ಮೂರು ಸುತ್ತು ಕಾಫಿ ಆಯಿತು.

ಖಜಾಂಚಿ ಮೈಸೂರಿನವರು, ಖಾರ್ಘರ್‌ನಲ್ಲಿ ಮನೆ, ಹಣಕಾಸಿನ ದೊಡ್ಡ ಕಂಪನಿಯಲ್ಲಿ ಕೆಲಸ. ಅಣೆಕಟ್ಟು ಕಟ್ಟಿಸಿದ, ಪೇಟ ತೊಟ್ಟ ಎಂಜಿನಿಯರು ನಡುವೆ ಇರದಿದ್ದರೆ ಪರದೆಯೇ ಬೇಡ ಎಂದರು. ಕರಾವಳಿಯವರು ಪೋರ್ಚುಗೀಸರನ್ನು ಎದುರಿಸಿದ ತಮ್ಮ ರಾಣಿ ಬೇಕೆಂದರು. ಹಾಗಾದರೆ ಬ್ರಿಟಿಷರನ್ನು ಎದುರಿಸಿದ ನಮ್ಮ ಕಡೆಯ ರಾಣಿ ಏನು ಪಾಪ ಮಾಡಿದಳು ಎಂದು ನಾನು ಕೇಳಿದೆ. ಕೊನೆಗೆ ಇಬ್ಬರು ರಾಣಿಯರನ್ನೂ ಎರಡು ತುದಿಗೆ ನಿಲ್ಲಿಸುವುದೆಂದು ಆಯಿತು. ವಚನ ಬರೆದ ಶರಣರು, ಕೀರ್ತನೆ ಹಾಡಿದ ದಾಸರು, ಕನ್ನಡಕದ ಒಬ್ಬ ಕವಿ, ಕನ್ನಡಕವಿಲ್ಲದ ಇನ್ನೊಬ್ಬ ಕವಿ, ಹೀಗೆ ಒಬ್ಬೊಬ್ಬರೇ ಜಾಗ ಹಿಡಿದರು. ನಮ್ಮ ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಮೂವರ ಬೆಂಚಿನ ನಾಲ್ಕನೆಯ ಸೀಟಿಗಾಗಿ ನಡೆಯುವ ತಳ್ಳಾಟವೂ ಇದಕ್ಕಿಂತ ಸಭ್ಯವಾಗಿರುತ್ತದೆ.

ನಗಬಾರದು, ಇದರಲ್ಲಿ ಅರ್ಥವಿಲ್ಲದೆ ಇಲ್ಲ. ನಾನು ಲೋಕಲ್ ಗಾಡಿಯಲ್ಲಿ ಓಡಾಡಿದ ಅಷ್ಟು ವರ್ಷವೂ ಪಕ್ಕದ ಹೆಂಗಸು ಕೇಳುವ ಮೊದಲ ಪ್ರಶ್ನೆ, ನೀವು ಯಾವ ಊರಿನವರು. ಧಾರವಾಡ ಎಂದೊಡನೆ, ಓ ಪೇಢಾ, ಎನ್ನುತ್ತಿದ್ದಳು. ಅಲ್ಲಿಗೆ ನನ್ನ ನಾಡು, ನುಡಿ, ಸಂಗೀತ, ವಿದ್ವತ್ತು ಎಲ್ಲ ಒಂದು ಸಿಹಿಯೊಳಗೆ ಅಡಗಿತು. ನಮ್ಮ ಹೌಸಿಂಗ್ ಸೊಸೈಟಿಯ ಮರಾಠಿಯವರು ಆಗಸ್ಟ್ ಹದಿನೈದಕ್ಕೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ರಾಜ್ಯಗಳ ವೇಷ ಹಾಕಿಸುತ್ತಿದ್ದರು. ಅವರ ನಾಡಿಗೆ ಕೋಟೆಯೂ ಕುದುರೆಯ ಮೇಲಿನ ರಾಜನೂ ಸಹ್ಯಾದ್ರಿಯೂ. ಪಂಜಾಬಿಗೆ ಐದು ನದಿ. ಒಟ್ಟು ದೇಶಕ್ಕೆ ಹಿಮಾಲಯ ಮತ್ತು ದುಂಡು ಕನ್ನಡಕ. ಮನುಷ್ಯ ತಾನು ಇಂಥವನು ಎಂದು ಹೇಳಿಕೊಳ್ಳಲು ಹೊರಟಾಗ ಕನ್ನಡಿ ತೋರಿಸುವುದಿಲ್ಲ, ಒಂದು ಬೆಟ್ಟ ತೋರಿಸುತ್ತಾನೆ. ಬೆಟ್ಟ ದೊಡ್ಡದು, ತಿರುಗಿ ಮಾತಾಡುವುದಿಲ್ಲ.

ಮಹನೀಯರ ವಿಷಯದಲ್ಲಿ ಇಷ್ಟು ಕಾದಾಡಿದ ನಾವು ನಿಸರ್ಗದ ವಿಷಯದಲ್ಲಿ ಒಂದೇ ಮಾತಿಗೆ ಒಪ್ಪಿದೆವು. ನಡುವೆ ಜೋಗ. ಸಭೆಯಲ್ಲಿ ಜೋಗಕ್ಕೆ ಹೋದವಳು ಕಾರ್ಯದರ್ಶಿಗಳನ್ನು ಬಿಟ್ಟರೆ ನಾನೊಬ್ಬಳೇ. ನರ್ಸಿಂಗ್ ಕಲಿಯುವಾಗ ಪ್ರವಾಸ ಹೋಗಿದ್ದೆವು. ಮಂಜು ಕವಿದು ಕೈ ಚಾಚಿದರೆ ಬೆರಳು ಕಾಣುತ್ತಿರಲಿಲ್ಲ. ಆ ಕಡೆ ಇದೆ ಎಂದು ನಮ್ಮ ವಾರ್ಡನ್ ಬೆರಳು ತೋರಿಸಿದರು, ಸದ್ದು ಕೇಳಿಸಿಕೊಂಡು ಬುತ್ತಿ ಬಿಚ್ಚಿ ತಿಂದು ವಾಪಸು ಬಂದೆವು. ಆದ್ದರಿಂದ ನಾನು ಆ ವಿಷಯದಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ.

ಪರದೆ ಬರೆಯಲು ಕಲ್ಯಾಣದ ಒಬ್ಬ ಪೇಂಟರನ್ನು ಹಿಡಿದೆವು. ಗಣಪತಿಯ ಮಂಟಪಗಳಿಗೆ ಹಿಂದಿನ ದೃಶ್ಯ ಬರೆಯುವುದು ಅವನ ಕಸುಬು. ಮಹನೀಯರಿಗೆಂದು ಹಳೆಯ ಕ್ಯಾಲೆಂಡರುಗಳಿಂದ ಕತ್ತರಿಸಿದ ಚಿತ್ರಗಳನ್ನು ಕೊಟ್ಟೆವು. ಜೋಗದ ಫೋಟೊ ಒಂದನ್ನು ಹುಡುಕಿ ಕೊಡೋಣವೇ ಎಂದು ನಾನು ಕೇಳಿದ್ದಕ್ಕೆ ಕಾರ್ಯದರ್ಶಿಗಳಿಗೆ ಅವಮಾನವಾದಂತಾಯಿತು. ನಾನಿರುವಾಗ ಫೋಟೊ ಏಕೆ ಎಂದರು. ಅವನನ್ನು ಹೋಟೆಲಿಗೆ ಕರೆಸಿ, ಬೆಂಚು ಹತ್ತಿ, ಹಿಂದಿಯಲ್ಲಿ ಜೋಗವನ್ನು ಹೇಳಿದರು. ಕಪ್ಪು ಬಂಡೆ, ಎತ್ತರದ ಬೆಟ್ಟ, ಮೇಲಿಂದ ಹಾಲು ಸುರಿದಂತೆ ನೀರು. ಪೇಂಟರ್ ತಲೆಯಾಡಿಸಿ, ಮಸಾಲೆ ದೋಸೆ ತಿಂದು, ಸಮಜ್ ಗಯಾ ಎಂದು ಹೋದ.

ಕಾರ್ಯಕ್ರಮದ ಹಿಂದಿನ ಸಂಜೆ ಹಾಲ್‌ನಲ್ಲಿ ಪರದೆ ಬಿಚ್ಚಿದೆವು. ಮೊದಲು ಕಂಡದ್ದು ಪೇಟ. ಎಂಜಿನಿಯರರ ತಲೆಯ ಮೇಲೆ ಮೈಸೂರು ಪೇಟದ ಬದಲು ಅಚ್ಚುಕಟ್ಟಾದ ಪುಣೇರಿ ಪಗಡಿ ಕೂತಿತ್ತು. ಜೀವನವಿಡೀ ಪಗಡಿಯನ್ನೇ ಬರೆದ ಕೈ, ದೊಡ್ಡವರ ತಲೆ ಕಂಡೊಡನೆ ಅದನ್ನೇ ಬರೆದುಬಿಟ್ಟಿತ್ತು. ಖಜಾಂಚಿಗಳ ಮುಖ ನೋಡಿ ನಾನು ನಾಡಿ ಹಿಡಿಯಬೇಕೇನೋ ಅಂದುಕೊಂಡೆ. ಅವರು ನೇರ ಅಂಗಡಿಗೆ ಹೋಗಿ ಜರಿ ಕಾಗದ ತಂದು, ಏಣಿ ಹತ್ತಿ, ಪಗಡಿಯ ಮೇಲೆ ಪೇಟ ಅಂಟಿಸತೊಡಗಿದರು. ಎರಡು ತುದಿಯ ರಾಣಿಯರು ಒಬ್ಬರ ಕಡೆ ಒಬ್ಬರು ಕತ್ತಿ ಎತ್ತಿ ನಿಂತು, ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದವರಂತೆ ಕಾಣುತ್ತಿದ್ದರು.

ಆದರೆ ಜೋಗ? ಜೋಗಕ್ಕೆ ಎಲ್ಲರೂ ತಲೆದೂಗಿದರು. ನೋಡಿದವರೆಲ್ಲರ ಬಾಯಲ್ಲೂ ಒಂದೇ ಮಾತು, ಎಲ್ಲೋ ಕಣ್ಣಾರೆ ಕಂಡ ಹಾಗೇ ಇದೆ. ಮುಂಬಯಿಯಲ್ಲೇ ಹುಟ್ಟಿ, ಕರ್ನಾಟಕವನ್ನು ಮದುವೆ ಮುಂಜಿಗಳಲ್ಲಿ ಮಾತ್ರ ಕಂಡವರೂ ಹಾಗೇ ಅಂದರು. ಬದಲಾಪುರದಿಂದ ಬಂದ ಒಬ್ಬ ಹಿರಿಯರಿಗೆ ಕಣ್ಣು ತುಂಬಿತು. ರಕ್ತದಲ್ಲಿ ಬಂದದ್ದು ಎಲ್ಲಿ ಹೋದೀತು ಎಂದರು. ಬೆಟ್ಟದ ನಡುವೆ ಬಿಳಿಯದೊಂದು ಚಿಕ್ಕ ಕಟ್ಟಡವಿತ್ತು. ಅದೇನೆಂದು ಯಾರೋ ಕೇಳಿದ್ದಕ್ಕೆ, ಜೋಗದಲ್ಲಿ ಬ್ರಿಟಿಷರ ಕಾಲದ ಪ್ರವಾಸಿ ಬಂಗಲೆ ಇದೆಯಲ್ಲ, ಅದು, ಎಂದು ಖಜಾಂಚಿಗಳು ಏಣಿಯ ಮೇಲಿಂದಲೇ ಹೇಳಿದರು.

ನಾನು ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದೆ. ಬಂಗಲೆಯ ಮೇಲೆ ಕೇಸರಿ ಬಾವುಟ. ಬಂಗಲೆಗೆ ಹತ್ತಿಹೋಗುವ ಉದ್ದನೆಯ ಮೆಟ್ಟಿಲು. ಡೊಂಬಿವಲಿಯಿಂದ ಠಾಣೆಗೆ ಹೋಗುವ ಫಾಸ್ಟ್ ಗಾಡಿ ಪಾರಸಿಕ್ ಸುರಂಗದ ಕತ್ತಲಿಗೆ ನುಗ್ಗಿಬಿಡುತ್ತದೆ. ಸ್ಲೋ ಗಾಡಿ ಮುಂಬ್ರಾದ ಬೆಟ್ಟದ ಬುಡವನ್ನು ಬಳಸಿಕೊಂಡು ಹೋಗುತ್ತದೆ. ನಾನು ಸ್ಲೋ ಗಾಡಿಯವಳು. ಮಳೆಗಾಲ ಬಂದರೆ ಆ ಕಪ್ಪು ಬೆಟ್ಟದಿಂದ ನೀರು ಇಳಿಯುವುದನ್ನೂ, ಬೆಟ್ಟದ ಮೇಲಿನ ದೇವಿಯ ಗುಡಿಯನ್ನೂ ಕಿಟಕಿಯ ಸರಳಿನ ಆಚೆ ಕಂಡು ಕೈ ಮುಗಿದವಳು. ಪೇಂಟರನದು ತಪ್ಪೆನ್ನಲಾಗದು. ಕಪ್ಪು ಬಂಡೆ, ಎತ್ತರದ ಬೆಟ್ಟ, ಹಾಲಿನಂಥ ನೀರು ಎಂದರೆ ಅವನಿಗೆ ಗೊತ್ತಿದ್ದದ್ದು ಅದೊಂದೇ. ಹಾಲ್‌ನಲ್ಲಿದ್ದವರಿಗೂ ಅಷ್ಟೇ. ರಕ್ತದಲ್ಲಿ ಬಂದದ್ದಲ್ಲ, ರೈಲಿನ ಸೀಸನ್ ಪಾಸಿನಲ್ಲಿ ಬಂದದ್ದು.

ಅಷ್ಟರಲ್ಲಿ ಏಣಿಯಿಂದ ಇಳಿದ ಖಜಾಂಚಿಗಳು ಸಂತೋಷದ ಸುದ್ದಿ ಎಂಬಂತೆ ಇನ್ನೊಂದು ಮಾತು ಹೇಳಿದರು. ಮುಖ್ಯ ಅತಿಥಿಯಾಗಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಬರುತ್ತಾರೆ, ನವಿ ಮುಂಬಯಿಯ ಮಗಳ ಮನೆಗೆ ಬಂದಿದ್ದಾರೆ ಎಂದಷ್ಟೇ ನಮಗೆ ಗೊತ್ತಿತ್ತು. ಅವರ ಊರು ಜೋಗದ ಮಗ್ಗುಲಿನಲ್ಲೇ ಅಂತೆ. ಮಳೆಗಾಲದಲ್ಲಿ ಮನೆಯ ಜಗುಲಿಗೆ ಜಲಪಾತದ ಸದ್ದು ಕೇಳುತ್ತದಂತೆ.

ಕಾರ್ಯದರ್ಶಿಗಳು ಮಡಿಸಿಟ್ಟ ಜಮಖಾನೆಯ ಮೇಲೆ ಕೂತುಬಿಟ್ಟರು. ನಾನು ಅವರನ್ನು ಪಕ್ಕದ ವರಾಂಡಕ್ಕೆ ಕರೆದುಕೊಂಡು ಹೋದೆ.

“ಅದು ಮುಂಬ್ರಾ ಅಲ್ಲೇನ್ರೀ?” ಎಂದೆ.

“ಹೌದಾ?” ಎಂದರು. ಆಮೇಲೆ ನೆಲ ನೋಡುತ್ತ, “ಸಿಸ್ಟರ್, ನಾ ಜೋಗ ಕಂಡದ್ದೇ ಇಲ್ಲೆ” ಎಂದರು.

ಆಮೇಲೆ ತಾವಾಗಿಯೇ ಹೇಳಿಕೊಂಡರು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು ಸೋದರಮಾವನ ಹೋಟೆಲು ಸೇರಿದವರು. ಗಿರಾಕಿಗಳು ಯಾವ ಊರು ಎಂದು ಕೇಳುತ್ತಿದ್ದರು. ಕುಂದಾಪುರ ಎಂದರೆ ಯಾರಿಗೂ ತಿಳಿಯದು. ಒಂದು ದಿನ ಯಾರಿಗೋ ಜೋಗದ ಹತ್ತಿರ ಎಂದರಂತೆ. ಆ ಗಿರಾಕಿಯ ಮುಖ ಅರಳಿತು, ಅವನು ಇವರನ್ನು ಕೂರಿಸಿಕೊಂಡು ಮಾತಾಡಿಸಿದ. ಅಂದಿನಿಂದ ಜೋಗವೇ ಅವರ ವಿಳಾಸವಾಯಿತು. ಹತ್ತಿರದವನು ಎಂದಮೇಲೆ ನೋಡಿರಬೇಕು. ನೋಡಿದವನು ಎಂದಮೇಲೆ ಮಿಂದಿರಬೇಕು. ಟವೆಲು ಆಮೇಲೆ ಬಂತು.

ಊರಿಗೆ ಹೋದಾಗ ಒಮ್ಮೆಯಾದರೂ ಹೋಗಿ ನೋಡಿ ಬರಬಾರದಿತ್ತೇ ಎಂದೆ.

“ಎಲ್ಲಿ ಹೋಪುದ್? ಕಂಡವ್ರ್ ಮತ್ತೆ ಎಂತಕ್ಕೆ ಹೋಪುದ್, ಸುಮ್ನೆ ಖರ್ಚು ಅಂತ್ರ್ ಮನೆಯವ್ರ್.”

ಮನೆಯವರು ಎಂದರೆ ಹೆಂಡತಿ; ಕಂಡವರಿಗೆ ಮತ್ತೆ ಹೋಗುವುದೇಕೆ ಎಂಬುದು ಆಕೆಯ ಲೆಕ್ಕ. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಮರುದಿನದ ಕಾರ್ಯಕ್ರಮದಲ್ಲಿ ಅವರ ತರಗತಿಯ ಹುಡುಗಿಯೊಬ್ಬಳ ಭಾಷಣವಿತ್ತು. ವಿಷಯ, ನಮ್ಮ ಸರ್ ಕಂಡ ಜೋಗ. ಚೀಟಿ ನೋಡದೆ ಕನ್ನಡದಲ್ಲಿ ಮಾತಾಡಲು ನಮ್ಮ ಮಕ್ಕಳ ಪೈಕಿ ಮುಂದೆ ಬಂದ ಮೊದಲನೆಯವಳು ಅವಳು. ಮಕ್ಕಳಿಗೆ ತಾನು ಸುಳ್ಳುಗಾರ ಎಂದು ಗೊತ್ತಾದರೆ ಮುಂದಿನ ಭಾನುವಾರ ಮಾಳಿಗೆಗೆ ಯಾರೂ ಬರಲಾರರು, ಬಂದರೂ ತಾನು ಯಾವ ಮುಖ ಹೊತ್ತು ಹತ್ತಲಿ ಎಂಬುದು ಅವರ ಸಂಕಟ. ಹೋಟೆಲು ಹೋದರೂ ಇನ್ನೊಂದು ಮಾಡಿಯೇನು, ಆ ತರಗತಿ ಹೋದರೆ ಮತ್ತೆ ಕಟ್ಟಲಾರೆ ಎಂದರು. ಭಾಷಣ ತೆಗೆದುಬಿಡಿ, ಜಲಪಾತದ ಮೇಲೆ ಸ್ವಾಗತದ ಬ್ಯಾನರ್ ಕಟ್ಟೋಣ ಎಂದು ಕೇಳಿಕೊಂಡರು.

“ಹುಡುಗಿ ಬಾಯಿಪಾಠ ಮಾಡಿ ಕುಂತಾಳ್ರೀ. ಆಕೀದು ಎರಡನೇ ಐಟಂ. ಅದು ಅಲ್ಲೇ ಇರ್ತದ” ಎಂದೆ. ಬ್ಯಾನರನ್ನೂ ಕಟ್ಟಗೊಡಲಿಲ್ಲ. ಗಾಯಕ್ಕೆ ತೊಳೆಯದೆ ಪಟ್ಟಿ ಕಟ್ಟಿದರೆ ಏನಾಗುತ್ತದೆಂದು ನಾನು ಬೇಕಾದಷ್ಟು ಕಂಡಿದ್ದೆ.

ಮರುದಿನ ಅತಿಥಿಗಳು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅದಕ್ಕೇ ನನಗೆ ಅರ್ಧ ಗೌರವ ಹುಟ್ಟಿತು. ಸಣ್ಣ ದೇಹ, ನೂಲಿನ ಸೀರೆ, ತರಗತಿಯ ಕೊನೆಯ ಬೆಂಚನ್ನೂ ತಲುಪುವ ದನಿ. ವೇದಿಕೆ ಹತ್ತಿ, ಕುರ್ಚಿಯಲ್ಲಿ ಕೂರದೆ, ನೇರವಾಗಿ ಪರದೆಯ ಕಡೆಗೆ ತಿರುಗಿದರು. ಪ್ರಾರ್ಥನೆ ಇನ್ನೂ ಶುರುವಾಗಿರಲಿಲ್ಲ, ಮೈಕು ಆಗಲೇ ಚಾಲೂ ಇತ್ತು. ಆದ್ದರಿಂದ ಅವರು ಪಕ್ಕದವರಿಗೆ ಆಡಿದ ಮಾತು ಇಡೀ ಹಾಲ್‌ಗೆ ಕೇಳಿಸಿತು.

“ಇದು ಯಾವ ಜಲಪಾತ?”

ಜೋಗ, ಮೇಡಂ, ನಿಮ್ಮದೇ ಜೋಗ ಎಂದು ಖಜಾಂಚಿಗಳು ಉಬ್ಬಿ ಹೇಳಿದರು. ಆಕೆ ಇನ್ನೂ ಹತ್ತಿರ ಹೋಗಿ, ಈ ಗುಡಿಯನ್ನು ನಾನು ಕಂಡಿಲ್ಲವಲ್ಲ ಎಂದರು. ಅದು ಗುಡಿಯಲ್ಲ, ಪ್ರವಾಸಿ ಬಂಗಲೆ ಎಂದರು ಖಜಾಂಚಿಗಳು. ಬಂಗಲೆಗೆ ಕೇಸರಿ ಬಾವುಟ ಯಾವಾಗ ಹಾರಿಸಿದರೋ ಎಂದರು ಆಕೆ. ಆಮೇಲೆ ಸಭೆಯ ಕಡೆ ನೋಡಿದರು. ಮುಂದಿನ ಸಾಲಿನಲ್ಲಿ ಮಕ್ಕಳು, ಬದಿಯಲ್ಲಿ ಬೆವರೊರೆಸಿಕೊಳ್ಳುತ್ತ ನಿಂತ ಕಾರ್ಯದರ್ಶಿಗಳು. ಶಾಲೆ ನಡೆಸಿದವರು, ತಪ್ಪು ಮಾಡಿದವನ ಮುಖ ಗುರುತಿಸದೆ ಇರುತ್ತಾರೆಯೇ? ದನಿ ತಗ್ಗಿಸಿ, “ಇರಬಹುದು. ನಾನು ಆ ಬದಿಯಿಂದ ನೋಡಿಲ್ಲ. ಇವರು ಬೇರೆ ಕಡೆಯಿಂದ ನೋಡಿದ್ದಾರೇನೋ” ಎಂದರು.

ತಪ್ಪಿಸಿಕೊಳ್ಳಲು ಇದಕ್ಕಿಂತ ಅಗಲವಾದ ಬಾಗಿಲು ಯಾರು ತೆರೆದುಕೊಟ್ಟಾರು? ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಹುಡುಗಿ ಆಗಲೇ ವೇದಿಕೆಯ ಮೆಟ್ಟಿಲ ಬಳಿ, ತುಟಿಯಲ್ಲೇ ಭಾಷಣ ಗುನುಗುತ್ತ ನಿಂತಿದ್ದಳು. ಕಾರ್ಯದರ್ಶಿಗಳು ಅವಳ ಕಡೆ ನೋಡಿ, ಮೈಕಿನ ಹತ್ತಿರ ಬಂದರು. ನನ್ನ ಕೈ ಗಂಟೆಯ ಮೇಲಿತ್ತು, ತೆಗೆದುಬಿಟ್ಟೆ.

“ಮೇಡಂ, ನಾನು ಯಾವ ಕಡೆಯಿಂದಲೂ ಕಂಡದ್ದಿಲ್ಲ. ಮಕ್ಕಳೇ, ನಾನು ಜೋಗಕ್ಕೆ ಹೋದವನೇ ಅಲ್ಲ. ಸ್ನಾನ, ಟವೆಲು ಎಲ್ಲ ನಾನು ಕಟ್ಟಿ ಹೇಳಿದ್ದು. ಇದು ಮುಂಬ್ರಾ.”

ಬದಲಾಪುರದ ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಿಂದಿನ ಸಾಲಿನಿಂದ ಒಬ್ಬಾಕೆ, ಅದಕ್ಕೇ ದಿನಾ ನೋಡಿದ ಹಾಗಿತ್ತು ಎಂದು ಗೊಣಗಿದ್ದೇ ತಡ, ಒಂದು ಬದಿಯಿಂದ ನಗು ಹೊರಟಿತು. ಅದು ಹಾಲ್ ತುಂಬ ಹರಡಿತು. ಕಾರ್ಯದರ್ಶಿಗಳ ಹೆಂಡತಿ ಮಾತ್ರ ನಗಲಿಲ್ಲ. ಅಷ್ಟು ವರ್ಷಗಳ ಸಂಸಾರದಲ್ಲಿ ಇನ್ನೇನೇನು ಕಟ್ಟಿ ಹೇಳಿದ್ದಾರೋ ಎಂದು ಮನಸ್ಸಿನಲ್ಲೇ ತಾಳೆ ನೋಡುತ್ತಿದ್ದಂತಿತ್ತು.

ಮಕ್ಕಳೂ ನಗಲಿಲ್ಲ. ಅವರು ಸರ್ ಮುಖವನ್ನೇ ನೋಡುತ್ತಿದ್ದರು. ಮೆಟ್ಟಿಲ ಬಳಿಯ ಹುಡುಗಿ, “ಸರ್, ತೋ ಮೈ ಬೋಲೂಂ ಕಿ ನಹೀಂ?” ಎಂದಳು.

ಹಾಗಾದರೆ ಹೇಳಲೋ ಬೇಡವೋ ಎಂದು ಅವಳ ಪ್ರಶ್ನೆ. ಅತಿಥಿಗಳು ಆ ಹುಡುಗಿಯನ್ನು ಮೇಲಕ್ಕೆ ಕರೆದು, ಜೋಗ ಕಂಡವರು ಯಾರಿದ್ದೀರಿ, ಕೈ ಎತ್ತಿ ಎಂದರು. ಎದ್ದ ಕೈಗಳು ಬೆರಳೆಣಿಕೆಯವು. ನಾನು ಎತ್ತಲೋ ಬೇಡವೋ ಎಂದು ಯೋಚಿಸಿ, ಅರ್ಧ ಎತ್ತಿದೆ.

“ನಮ್ಮ ಜೋಗದಲ್ಲೂ ಈಗ ವರ್ಷವಿಡೀ ಇಷ್ಟು ನೀರಿಲ್ಲ. ಅಣೆಕಟ್ಟಿನವರು ಬಿಟ್ಟರೆ ಉಂಟು, ಬಿಡದಿದ್ದರೆ ಬರೀ ಬಂಡೆ. ನಾವೂ ಬೇಸಿಗೆಯಲ್ಲಿ ಬಂದ ನೆಂಟರಿಗೆ ಬಾಯಲ್ಲೇ ತೋರಿಸುವುದು. ನೀನು ಹೇಳು ಪುಟ್ಟಿ, ನಿಮ್ಮ ಸರ್ ಬಾಯಲ್ಲಿ ಅದು ಹ್ಯಾಗಿದೆ, ಕೇಳೋಣ” ಎಂದರು.

ಹುಡುಗಿ ಹೇಳಿದಳು. ಸರ್ ಕಂಡಿದ್ದಾರೆ ಎಂಬಲ್ಲೆಲ್ಲ ಒಂದು ಕ್ಷಣ ತಡೆದು, ಸರ್ ಕಂಡಿಲ್ಲ, ಆದರೆ ಹೇಳಿದ್ದಾರೆ ಎಂದು ತಿದ್ದಿಕೊಂಡಳು. ಸ್ನಾನವನ್ನು ಬಿಟ್ಟಳು, ಟವೆಲನ್ನು ಬಿಡಲಿಲ್ಲ, ಅದು ಅವಳಿಗೆ ಬಹಳ ಇಷ್ಟವಿತ್ತೆಂದು ತೋರುತ್ತದೆ. ಕೊಟ್ಟ ಸಮಯ ಮೀರಿತು. ಗಂಟೆ ಬಾರಿಸಬೇಡಿ ಎಂದು ಅತಿಥಿಗಳು ಕೈ ಅಡ್ಡ ಹಿಡಿದರು. ಹೊರಗಿನವರ ಮಾತಿಗೆ ನಾನು ಗಂಟೆ ತಡೆದದ್ದು ಅದೊಂದೇ ಸಲ.

ಹೋಗುವಾಗ ಅವರು ಕಾರ್ಯದರ್ಶಿ ದಂಪತಿಗಳನ್ನು ಮಳೆಗಾಲದಲ್ಲಿ ತಮ್ಮ ಮನೆಗೆ ಬರಲು ಹೇಳಿದರು. ಹೂಂ ಎಂದದ್ದು ಹೆಂಡತಿ. ಈಗ ಖರ್ಚಿನ ಮಾತು ಬರಲಿಲ್ಲ.

ಮುಂದಿನ ಭಾನುವಾರ ತರಗತಿಗೆ ಅರ್ಧದಷ್ಟು ಮಕ್ಕಳೂ ಬರಲಿಲ್ಲ. ಕಾರ್ಯದರ್ಶಿಗಳು ಬಂದಷ್ಟು ಮಕ್ಕಳಿಗೆ ಬರೀ ಒತ್ತಕ್ಷರ ಹೇಳಿ ಕೆಳಗಿಳಿದರು. ಹಾಗೇ ಚಳಿಗಾಲ, ಬೇಸಿಗೆ ಕಳೆದವು. ಆಗಸ್ಟ್‌ನಲ್ಲಿ ಇಬ್ಬರೂ ಹೊರಟು ಜೋಗಕ್ಕೆ ಹೋಗಿಬಂದರು. ಸುದ್ದಿ ತಿಳಿದು, ಬಿಟ್ಟುಹೋದ ಮಕ್ಕಳೆಲ್ಲ ಮರುಭಾನುವಾರ ತಿರುಗಿ ಬಂದಿದ್ದರು, ಜೊತೆಗೆ ಹೊಸಬರೂ. ಮಾಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನೂ ಹೋದೆ, ಅಂದಿನ ಸಮಯಪಾಲನೆ ಅಲ್ಲೂ ನನ್ನದೇ. ಇಷ್ಟು ವರ್ಷ ಕಾಣದೆಯೇ ಅಷ್ಟು ಹೇಳಿದವರು, ಕಂಡಮೇಲೆ ಎಷ್ಟು ಹೇಳಿಯಾರು ಎಂದು ತರಗತಿಯ ಅರ್ಧ ಹೊತ್ತನ್ನು ಜೋಗಕ್ಕೇ ಬಿಟ್ಟಿದ್ದೆ.

ಅವರು ಎದ್ದು ನಿಂತರು. ಕಾಫಿ ತರಿಸಲಿಲ್ಲ, ಬೆಂಚು ಹತ್ತಲಿಲ್ಲ.

“ದೊಡ್ಡದ್ ಮಕ್ಳೆ” ಎಂದರು. ಕಾಫಿ ಸುರಿಯುವವರಂತೆ ಕೈ ಎತ್ತಿ, ಇಳಿಸಿದರು. “ನೀವೇ ಒಂದ್ಸಲ ಹೋಯಿ ಕಾಣಿ. ನಂಗೆ ಹೇಳೂಕ್ ಬತ್ತಿಲ್ಲೆ.”

ಇಷ್ಟು ಹೇಳಿ ಕೂತರು. ಮಕ್ಕಳು ಇನ್ನೇನೋ ಬರುತ್ತದೆಂದು ಕಾದರು. ಸದ್ದಿಲ್ಲದೆ ಕೂತ ಅಷ್ಟು ಮಕ್ಕಳನ್ನು ನಾನು ಡೊಂಬಿವಲಿಯಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ. ಆದರೆ ನಿಗದಿಯಾದ ಹೊತ್ತು ಹಾಗೇ ಉಳಿದಿತ್ತು, ಅದನ್ನು ಹಾಳುಮಾಡಲು ನನಗೆ ಮನಸ್ಸಾಗಲಿಲ್ಲ. ಎಲ್ಲರಿಗೂ ಸ್ಲೇಟು ತೆಗೆಯಲು ಹೇಳಿ ಕಾಗುಣಿತ ಬರೆಸಿದೆ. ಒಬ್ಬರೂ ಎದ್ದು ಹೋಗಲಿಲ್ಲ.